ಡಿಲೀಟ್ ಆಗದೆ ಉಳಿದ ಬಾತುಗಳು

ನನ್ನ ಮೊಣಕಾಲಿನ ಆಪರೇಷನ್ ಸರಿಯಾಗಿ ನವೆಂಬರ್‌ಗೆ ಬಿತ್ತು. ಉತ್ತರದಿಂದ ಬಾತುಗಳು ಬಂದಿಳಿದು, ಬೆಂಗಳೂರಿನ ಕೆರೆಗಳಲ್ಲಿ ಹಕ್ಕಿ ನೋಡುವವರಿಗೆ ನಿದ್ದೆ ಬಾರದ ತಿಂಗಳು ಅದು. ಮನೆಯೊಳಗೆ ಓಡಾಡಬಹುದು, ಏರಿಯ ಮಣ್ಣುದಾರಿ, ಇಳಿಜಾರು ಮಾತ್ರ ಸದ್ಯಕ್ಕೆ ಬೇಡ ಅಂದರು ಡಾಕ್ಟರು. ಭಾನುವಾರ ಬೆಳಗ್ಗೆ ಗೆಳೆಯರು ಜಕ್ಕೂರು ಕೆರೆಯಿಂದ ಫೋಟೊ ಕಳಿಸತೊಡಗಿದರು. ನೋಡಿ ಹೊಟ್ಟೆ ಉರಿಯಿತು. ಫೋನ್ ಪಕ್ಕಕ್ಕಿಟ್ಟು ಹಳೇ ಹಾರ್ಡ್ ಡಿಸ್ಕ್ ತೆಗೆದೆ.

ಅದರಲ್ಲಿ ಹೆಬ್ಬಾಳ, ಜಕ್ಕೂರು, ಯಲಹಂಕದ ಪುಟ್ಟೇನಹಳ್ಳಿ, ಹೊಸಕೋಟೆ, ಮಡಿವಾಳ ಎಲ್ಲ ಇದ್ದವು. ಚೆನ್ನಾಗಿ ಬಂದ ಫೋಟೊಗಳಿಗೆ ಮಾತ್ರ ಹಕ್ಕಿಯ ಹೆಸರಿಟ್ಟು ಬೇರೆ ಫೋಲ್ಡರ್‌ಗೆ ಹಾಕಿದ್ದೆ. ಅವನ್ನು ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಹಾಗಾಗಿ ಈ ಸಲ ಅವನ್ನು ಮುಟ್ಟಲೇ ಇಲ್ಲ. ಅಲುಗಿದ್ದು, ದೂರದ್ದು, ಬೆನ್ನು ತೋರಿಸಿದ್ದು, ಗುಂಪಿನಲ್ಲಿ ಯಾವುದು ಯಾವುದೆಂದು ತಿಳಿಯದ್ದು, ಇಂಥವನ್ನೇ ತೆರೆದೆ. ಜಾಗ ಸಾಲದೆ ಎಷ್ಟೋ ಸಲ ಅಳಿಸಬೇಕೆಂದುಕೊಂಡು, ಸೋಮಾರಿತನಕ್ಕೆ ಬಿಟ್ಟಿದ್ದವು.

ಜೋಡಿಸುವಾಗ ವರ್ಷ ನೋಡಲಿಲ್ಲ. ಮೊದಲು ಕೆರೆ, ಆಮೇಲೆ ತಿಂಗಳು. ಅಂದರೆ ಹೆಬ್ಬಾಳದ ಅಕ್ಟೋಬರ್‌ಗಳೆಲ್ಲ ಒಂದು ಕಡೆ, ಫೆಬ್ರುವರಿಗಳೆಲ್ಲ ಒಂದು ಕಡೆ. ಇಷ್ಟು ಮಾಡಿದ್ದಕ್ಕೇ ಹಕ್ಕಿಗಳ ಬಟ್ಟೆ ಬದಲಾಗುವುದು ಕಣ್ಣಿಗೆ ಕಾಣತೊಡಗಿತು. ಗಾರ್ಗನಿ ಬಾತಿನ ಗಂಡಿಗೆ ಕಣ್ಣ ಮೇಲೆ ದಪ್ಪ ಬಿಳಿ ಹುಬ್ಬು, ಎಲ್ಲರಿಗೂ ಗೊತ್ತು. ಆದರೆ ನನ್ನ ಅಕ್ಟೋಬರ್ ಫೋಟೊಗಳಲ್ಲಿ ಆ ಹುಬ್ಬು ಒಂದಕ್ಕೂ ಇಲ್ಲ. ಎಲ್ಲವೂ ಕಂದು ಬಣ್ಣದ ಹೆಣ್ಣುಗಳ ಹಾಗೇ ಕಾಣುತ್ತವೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ತನ್ನ ಚಂದದ ಗರಿ ಉದುರಿಸಿ, ಹೆಣ್ಣಿನಂಥ ಗರಿ ತೊಟ್ಟು ಇಲ್ಲಿಗೆ ಬರುತ್ತದೆ. ಸೂಜಿಬಾಲದ ಬಾತಿನ ಗಂಡು ಡಿಸೆಂಬರ್ ಹೊತ್ತಿಗೆ ಹೆಚ್ಚುಕಡಿಮೆ ಸಿಂಗಾರ ಮುಗಿಸಿರುತ್ತದೆ. ಗಾರ್ಗನಿಗೆ ಅವಸರವೇ ಇಲ್ಲ. ಹುಬ್ಬು ಸರಿಯಾಗಿ ಮೂಡುವಷ್ಟರಲ್ಲಿ ಫೆಬ್ರುವರಿ ಬಂದಿರುತ್ತದೆ.

ಹಾಗಾದರೆ ಅಕ್ಟೋಬರ್‌ನ ಗುಂಪಿನಲ್ಲಿ ಗಂಡು ಯಾವುದು? ನೀರ ಮೇಲೆ ಕೂತ ಚೆಂದದ ಫೋಟೊ ನೋಡಿದರೆ ಹೇಳುವುದು ಕಷ್ಟ, ರೆಕ್ಕೆ ಮಡಿಚಿರುತ್ತದಲ್ಲ. ಉತ್ತರ ಸಿಕ್ಕಿದ್ದು ಒಂದು ಕೆಟ್ಟ ಫೋಟೊದಲ್ಲಿ. ಗಿಡುಗ ಬಂದು ಗುಂಪು ದಡಬಡ ಎದ್ದಾಗ ಸುಮ್ನೆ ಕ್ಲಿಕ್ಕಿಸಿದ್ದು. ಎಲ್ಲವೂ ಅರ್ಧ ಮಸುಕು. ಆದರೆ ಕೆಲವಕ್ಕೆ ರೆಕ್ಕೆಯ ಮುಂಭಾಗ ತಿಳಿ ನೀಲಿಬೂದು. ಅದು ಗಂಡಿನ ಗುರುತು. ಮೈಮೇಲಿನ ಬಣ್ಣ ಹೋದರೂ ರೆಕ್ಕೆಯದು ಹೋಗುವುದಿಲ್ಲ. ಕೆಸರಿನಲ್ಲಿ ಮೇಯುವ, ನೋಡಲು ಒಂದೇ ಥರದ ಸಣ್ಣ ಹಕ್ಕಿಗಳಾದ ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್ ವಿಷಯದಲ್ಲೂ ಹೀಗೇ ಆಯಿತು. ಹಾರುವಾಗ ರೆಕ್ಕೆಯ ಕೆಳಗೆ ಕಪ್ಪಾಗಿದ್ದರೆ ಗ್ರೀನ್, ತಿಳಿಯಾಗಿದ್ದರೆ ವುಡ್. ಮೊದಲೆಲ್ಲ ಹಾರಿಹೋದ ಫೋಟೊ ಅಂದರೆ ಕಸ ಅಂತಲೇ ನನ್ನ ಲೆಕ್ಕ. ಈಗ ಅವಕ್ಕೇ ಬೇರೆ ಫೋಲ್ಡರ್ ಇದೆ.

ಮುಂದೆ ನೀರುಕಾಗೆಗಳು. ಇವು ಬೇಕಾದಷ್ಟಿದ್ದವು. ಬಹಳಷ್ಟಕ್ಕೆ ಬರೀ 'ನೀರುಕಾಗೆ' ಅಂತ ಬರೆದು ಬಿಟ್ಟಿದ್ದೆ. ಸೂರ್ಯನಿಗೆ ಎದುರಾಗಿ ತೆಗೆದ ಫೋಟೊದಲ್ಲಿ ಮೈಯೆಲ್ಲ ಮಸಿ. ಡಾರ್ಕ್‌ಟೇಬಲ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ನೆರಳಿನ ಭಾಗವನ್ನಷ್ಟೇ ಬೆಳಗಿಸಿ ನೋಡಿದೆ. ನನ್ನ ಕ್ಯಾಮೆರಾ ಹಳೇ ನಿಕಾನ್ ಪಿ900. ಅದು ಜೆಪೆಗ್, ಅಂದರೆ ಕುಗ್ಗಿಸಿದ ಫೈಲ್ ಬಿಟ್ಟು ಬೇರೆ ಕೊಡುವುದಿಲ್ಲ. ಜಾಸ್ತಿ ಬೆಳಗಿಸಿದರೆ ಫೋಟೊ ಕಾಳುಕಾಳಾಗುತ್ತದೆ. ಆದರೂ ಕಣ್ಣು, ಕೊಕ್ಕು ಕಂಡರೆ ಸಾಕು. ಕೊಕ್ಕು ಸಣ್ಣಗೆ ಉದ್ದವಿದ್ದು, ಕಣ್ಣು ಹಸಿರುನೀಲಿ ಹೊಳೆದರೆ ಇಂಡಿಯನ್ ಕಾರ್ಮೊರೆಂಟ್. ಕೊಕ್ಕು ಮೋಟು, ಕತ್ತು ಗಿಡ್ಡ ಇದ್ದರೆ ಪುಟ್ಟ ನೀರುಕಾಗೆ. ನಮ್ಮಮ್ಮ ಕಾಫಿ ತಂದಾಗಲೆಲ್ಲ ಪರದೆಯ ಮೇಲೆ ಕಪ್ಪು ಹಕ್ಕಿಯೇ ಇರುತ್ತಿತ್ತು. “ಎಷ್ಟು ಅಂತ ಅದೇ ಕಾಗೆ ನೋಡ್ತೀಯೋ?” ಅಂದರು. ಕಾಗೆ ಅಲ್ಲಮ್ಮ ಅಂತ ಶುರು ಮಾಡಿದೆ. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ.

ತಿಂಗಳು ನೋಡಿ ಜೋಡಿಸಬೇಕಾದರೆ ತಾರೀಖು ಸರಿ ಇರಬೇಕು. ಬ್ಯಾಟರಿ ಪೂರ್ತಿ ಇಳಿದು ತುಂಬ ದಿನ ಹಾಗೇ ಇಟ್ಟರೆ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ. ಅಂಥ ತಾರೀಖು ಸರಿಪಡಿಸಲು ನಾನು ಅದೇ ಬೆಳಗ್ಗೆ ಫೋನಿನಲ್ಲಿ ತೆಗೆದ ಫೋಟೊ ಹುಡುಕಿದೆ. ಏರಿಯ ಮೇಲೆ ಟೀ ಕುಡಿಯುವ ಗೆಳೆಯರದ್ದೋ ಏನೋ ಒಂದು ಇದ್ದೇ ಇರುತ್ತದೆ. ಫೋನಿನ ಸಮಯ ನಂಬಬಹುದು. ಎರಡರಲ್ಲೂ ಇರುವ ಒಂದೇ ದೃಶ್ಯ ಹಿಡಿದರೆ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತದೆ. ಜಾಗ ತಿಳಿಯದಿದ್ದರೆ ಹಿನ್ನೆಲೆ ನೋಡಿ. ಹೆಬ್ಬಾಳದ ಫ್ಲೈಓವರ್ ಕಂಡರೆ ಮುಗೀತು, ಅಲ್ವಾ?

ಈ ಹಿನ್ನೆಲೆಯೇ ಕೊನೆಗೆ ನನ್ನನ್ನು ಜಾಸ್ತಿ ಹಿಡಿದು ಕೂರಿಸಿತು. ನಮ್ಮ ಮನೆ ಹತ್ತಿರ ಒಂದು ಸಣ್ಣ ಕೆರೆ ಇದೆ. ಹಳೇ ಫೋಟೊಗಳಲ್ಲಿ ಅದರ ಅಂಚೆಲ್ಲ ಕೆಸರು. ಮೆಟ್ಟುಗಾಲು ಹಕ್ಕಿಗಳು, ಗೊರವಗಳು, ಬಣ್ಣದ ಕೊಕ್ಕರೆಗಳು ಅಲ್ಲೇ ಮೇಯುತ್ತಿವೆ. ಆಮೇಲಿನ ಫೋಟೊಗಳಲ್ಲಿ ಹೂಳು ತೆಗೆದಿದ್ದಾರೆ, ದಡಕ್ಕೆ ಕಡಿದಾಗಿ ಕಲ್ಲು ಕಟ್ಟಿದ್ದಾರೆ, ಮೇಲೆ ನಡೆಯುವ ದಾರಿ. ನೀರು ತುಂಬಿದೆ, ನೋಡಲು ಅಂದವಾಗಿದೆ. ಹೆಜ್ಜಾರ್ಲೆ, ನಾಮಗೋಳಿ, ಗುಳುಮುಳುಕ ಇವೆ. ಈಜುವ, ಮುಳುಗುವ ಹಕ್ಕಿಗೆ ಆಳ ಇದ್ದರೂ ನಡೆಯುತ್ತದೆ. ಕೆಸರಿನಲ್ಲಿ ನಡೆದು ಹುಳ ಹೆಕ್ಕುವ ಹಕ್ಕಿಗೆ ಮಾತ್ರ ಕಾಲಿಡಲು ಜಾಗವಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರ ಸಿಗುತ್ತದೆ. ನನ್ನ ಫೋಟೊದ ತಾರೀಖಿಗೆ ಹತ್ತಿರದ ಚಿತ್ರ ತೆರೆದು ಪಕ್ಕದಲ್ಲಿಟ್ಟರೆ ಅಂಚು ಎಲ್ಲಿತ್ತು, ಎಲ್ಲಿ ಹೋಯಿತು ಅನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ. ಹೂಳು ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದು ಬದಿಯನ್ನಾದರೂ ಇಳಿಜಾರಾಗಿ, ಕಲ್ಲು ಕಟ್ಟದೆ ಬಿಡಬಹುದಿತ್ತು. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಕೆರೆ ಸೇರುತ್ತದೆ. ಆ ಮೂಲೆಯಲ್ಲಿ ಹಕ್ಕಿಗೆ ಯಾವತ್ತೂ ಕೊರತೆಯಿಲ್ಲ.

ಸಿಕ್ಕಿದ್ದನ್ನು ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ಕಂಡ ಹಕ್ಕಿಗಳ ಪಟ್ಟಿ ಹಾಕುವ ವೆಬ್‌ಸೈಟ್‌ಗೆ, ಸೇರಿಸುತ್ತಾ ಬಂದೆ. ಹಳೇ ತಾರೀಖಿನ ಪಟ್ಟಿಯನ್ನು ಅದು ತೆಗೆದುಕೊಳ್ಳುತ್ತದೆ. ಎಷ್ಟು ಹೊತ್ತು, ಎಷ್ಟು ದೂರ ನಡೆದೆ ಅನ್ನುವುದು ನೆನಪಿಲ್ಲದಿದ್ದರೆ ಹಿಸ್ಟಾರಿಕಲ್ ಅಂತ ಆರಿಸಬೇಕು. ಕಂಡ ಹಕ್ಕಿಗಳೆಲ್ಲ ಇದರಲ್ಲಿ ಇವೆಯೇ ಅಂತ ಕೇಳಿದಾಗ ಇಲ್ಲ ಅನ್ನಬೇಕು. ಫೋಟೊಗೆ ಸಿಕ್ಕಿದ್ದಷ್ಟೇ ಇರುವ ಪಟ್ಟಿ ಪೂರ್ತಿ ಪಟ್ಟಿ ಅಲ್ಲ. ಸಂಖ್ಯೆ ಹಾಕುವಾಗ 'ಫೋಟೊದಲ್ಲಿ ಎಣಿಸಿದ್ದು' ಅಂತ ಒಂದು ಸಾಲು ಬರೆಯುತ್ತೇನೆ. ಜನವರಿಯ ಏಷ್ಯಾ ನೀರುಹಕ್ಕಿ ಗಣತಿಗೆ ಹೋದ ದಿನಗಳದ್ದಾದರೆ ನೋಟ್‌ಬುಕ್ಕೂ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಹೆಜ್ಜಾರ್ಲೆ, ಕೊಕ್ಕರೆಗಳ ಲೆಕ್ಕ ಫೋಟೊದಲ್ಲಿ ಚೆನ್ನಾಗಿ ಸಿಗುತ್ತದೆ. ಗುಳುಮುಳುಕದ್ದು ಸಿಗುವುದಿಲ್ಲ. ಕ್ಲಿಕ್ ಆದ ಕ್ಷಣದಲ್ಲಿ ಅರ್ಧದಷ್ಟು ನೀರೊಳಗೇ ಇರುತ್ತವೆ. ಅವಕ್ಕೆ ನೋಟ್‌ಬುಕ್ಕೇ ಗತಿ.

ಈಗ ಕಾಲು ಮಡಚಲು ಬರುತ್ತಿದೆ. ಫಿಸಿಯೋಥೆರಪಿ ಇನ್ನೂ ಮುಗಿದಿಲ್ಲ. ಮಡಿವಾಳದ ಫೋಲ್ಡರ್ ಬಾಕಿ ಇದೆ. ಅದರಲ್ಲಿ ಹೆಚ್ಚಿನವು ಬೆಳ್ಳಕ್ಕಿಗಳೇ. ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ ಬೆಳ್ಳಕ್ಕಿ. ಒಂದೊಂದಾಗಿ ಝೂಮ್ ಮಾಡಿ ನೋಡಬೇಕು.