ಬೀಗದ ಕೈ ಕೊಟ್ಟ ಫೋನು, ಕೊಡದ ಫೋನು

ನನ್ನ ಫೋನು ಕೆಟ್ಟಿರಲಿಲ್ಲ. ಪರದೆ ಚೆನ್ನಾಗಿತ್ತು, ಬ್ಯಾಟರಿ ಸಂಜೆವರೆಗೂ ಬರುತ್ತಿತ್ತು. ಆದರೆ ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ ಅಪ್‌ಡೇಟ್ ಅನ್ನೋ ಸಾಲಿನಲ್ಲಿದ್ದ ತಾರೀಖು ಎರಡು ವರ್ಷದಿಂದ ಅಲ್ಲೇ ನಿಂತಿತ್ತು. ಆಂಡ್ರಾಯ್ಡ್‌ನಲ್ಲಿ ಸಿಕ್ಕ ಭದ್ರತಾ ದೋಷಗಳಿಗೆ ಗೂಗಲ್ 2015ರಿಂದ ನಿಯಮಿತವಾಗಿ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಕೊಡುತ್ತಾ ಬಂದಿದೆ. ಅದನ್ನು ನಮ್ಮ ಕೈಯಲ್ಲಿರುವ ಫೋನಿಗೆ ತಲುಪಿಸಬೇಕಾದವರು ಮಾತ್ರ ಫೋನ್ ತಯಾರಿಸಿದ ಕಂಪನಿಯವರು. ಅವರು ಕೈಬಿಟ್ಟರೆ ಫೋನು ಅಲ್ಲಿಗೇ ನಿಂತುಬಿಡುತ್ತದೆ.

ತಂಗಿಯ ಫೋನಿನ ಕಥೆಯೂ ಇದೇ. ಅದು ಬೇರೆ ಕಂಪನಿಯದು, ಆದರೆ ನನ್ನದರ ಓರಗೆಯದೇ. ಕಂಪನಿಯ ಸಾಫ್ಟ್‌ವೇರ್ ತೆಗೆದು, ಈಗಲೂ ಪ್ಯಾಚ್ ಸಿಗುವ ಬೇರೆ ಆಂಡ್ರಾಯ್ಡ್ ಹಾಕಿ ಎರಡನ್ನೂ ಉಳಿಸಿಕೊಳ್ಳೋಣ ಅಂತ ಒಂದು ಶನಿವಾರ ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ರಾತ್ರಿ ಹೊತ್ತಿಗೆ ಉಳಿದಿದ್ದು ಒಂದೇ.

ಫೋನ್ ಆನ್ ಮಾಡಿದಾಗ ಮೊದಲು ಓಡುವ ಚಿಕ್ಕ ಪ್ರೋಗ್ರಾಂಗಳಲ್ಲಿ ಒಂದು ಬೂಟ್‌ಲೋಡರ್. ಆಂಡ್ರಾಯ್ಡ್ ಏಳುವ ಮುಂಚೆ ಅದು ಸಹಿ ನೋಡುತ್ತದೆ. ಕಂಪನಿ ಸಹಿ ಹಾಕಿದ ಸಾಫ್ಟ್‌ವೇರ್ ಆದರೆ ಒಳಗೆ ಬಿಡುತ್ತದೆ, ಇಲ್ಲವಾದರೆ ಬಾಗಿಲಲ್ಲೇ ತಡೆಯುತ್ತದೆ. ಇದು ಒಳ್ಳೆಯ ವ್ಯವಸ್ಥೆಯೇ. ಕದ್ದವನು ನನ್ನ ಫೋನಿಗೆ ತನಗೆ ಬೇಕಾದ ಸಾಫ್ಟ್‌ವೇರ್ ತುಂಬಲಾರ. ಹಾಗಾಗಿ ಬೀಗ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ದುಡ್ಡು ಕೊಟ್ಟು ತೊಗೊಂಡವರಿಗೂ ಒಂದು ಬೀಗದ ಕೈ ಕೊಡಿ ಅಂತ ಕೇಳುತ್ತೇನೆ, ಅಷ್ಟೇ.

ಕೆಲವರು ಮೊದಲಿನಿಂದಲೂ ಕೊಟ್ಟಿದ್ದಾರೆ. 2010ರಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನನ್ನು ಒಂದು ಕಮಾಂಡ್‌ನಿಂದ ತೆರೆಯಬಹುದಿತ್ತು. ತೆರೆದ ಮೇಲೆ ಆನ್ ಮಾಡುವಾಗ ಪರದೆಯ ಕೆಳಗೆ ಬಿಚ್ಚಿದ ಬೀಗದ ಚಿತ್ರ ಕಾಣುತ್ತಿತ್ತು. 2011ರಲ್ಲಿ ಎಚ್‌ಟಿಸಿ ಕಂಪನಿ ಬೂಟ್‌ಲೋಡರ್ ಮುಚ್ಚಿಟ್ಟಿತ್ತು. ಗ್ರಾಹಕರು ಬಿಡದೆ ಗಲಾಟೆ ಮಾಡಿದರು. ಕೊನೆಗೆ ಕಂಪನಿಯ ಮುಖ್ಯಸ್ಥ ಪೀಟರ್ ಚೌ ಅವರೇ, ಇನ್ನು ಮುಂದೆ ಮುಚ್ಚುವುದಿಲ್ಲ ಅಂತ ಹೇಳಿದರು. ಸೋನಿ, ಮೊಟೊರೊಲಾ ಕೂಡ ತಮ್ಮ ಹಲವು ಫೋನುಗಳಿಗೆ ಅನ್‌ಲಾಕ್ ಕೋಡ್ ಕೊಡುವ ಪುಟ ತೆರೆದವು. ಶಿಯೋಮಿ 2016ರಿಂದ ಅರ್ಜಿ ಹಾಕಿಸಿಕೊಂಡು, ಕಾಯಿಸಿ ಕೊಡುವ ಪದ್ಧತಿ ತಂದಿತು. ಆದರೆ ಹಿಂದಕ್ಕೆ ಹೋದವರೂ ಇದ್ದಾರೆ. ಹುವಾವೇ 2018ರಲ್ಲಿ ಕೋಡ್ ಕೊಡುವುದನ್ನೇ ನಿಲ್ಲಿಸಿತು.

ನನ್ನ ಫೋನು ಕೋಡ್ ಕೊಡುವ ಜಾತಿಯದು. ಅದಕ್ಕೆ ಹಾಕಲು ಆರಿಸಿಕೊಂಡಿದ್ದು ಲೀನಿಯೇಜ್ ಓಎಸ್, ಅಂದರೆ ಸ್ವಯಂಸೇವಕರು ಕಟ್ಟುವ ಆಂಡ್ರಾಯ್ಡ್. 2016ರ ಕೊನೆಗೆ ಸಯನೋಜೆನ್‌ಮಾಡ್ ಅನ್ನೋ ಇಂಥದ್ದೇ ಆಂಡ್ರಾಯ್ಡ್ ಯೋಜನೆ ಮುಚ್ಚಿದಾಗ ಅದೇ ಕೋಡ್ ಇಟ್ಟುಕೊಂಡು ಶುರುವಾದ ಯೋಜನೆ ಅದು. ಮೊದಲು ಅವರ ಪಟ್ಟಿಯಲ್ಲಿ ನನ್ನ ಮಾಡೆಲ್ ಇದೆಯಾ ಅಂತ ನೋಡಿದೆ. ಫೋನಿನ ಹೆಸರು ಒಂದೇ ಇದ್ದರೂ ಒಳಗಿನ ಮಾಡೆಲ್ ನಂಬರ್ ಬೇರೆ ಬೇರೆ ಇರುತ್ತದೆ. ಡಬ್ಬದ ಮೇಲಿನ ಹೆಸರು ನಂಬಿ ಫೈಲ್ ಇಳಿಸಿಕೊಂಡರೆ ಕೆಲಸ ಕೆಡುತ್ತದೆ.

ಆಮೇಲೆ ಬ್ಯಾಕಪ್. ಇಲ್ಲಿ ಅವಸರ ಮಾಡಲೇಬಾರದು. ಬೀಗ ತೆಗೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಅದು ಬೇಕಂತಲೇ ಇಟ್ಟ ನಿಯಮ. ಇಲ್ಲದಿದ್ದರೆ ಕಳ್ಳನೂ ಬೀಗ ತೆಗೆದು ನಮ್ಮ ಫೋಟೋ, ಮೆಸೇಜ್ ಓದಲು ದಾರಿ ಹುಡುಕುತ್ತಿದ್ದ, ಅಲ್ವಾ? ಫೋಟೋ, ಕಾಂಟ್ಯಾಕ್ಟ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಲಾಗಿನ್‌ಗೆ ಆರು ಅಂಕಿ ತೋರಿಸುವ ಆಥೆಂಟಿಕೇಟರ್ ಆ್ಯಪ್. ಅದನ್ನು ಬೇರೆ ಫೋನಿಗೆ ಸಾಗಿಸದೆ ಅಳಿಸಿದರೆ ನಮ್ಮ ಖಾತೆಗಳಿಂದ ನಾವೇ ಹೊರಗೆ. ನಾನು ಹಿಂದಿನ ದಿನವೇ ಅದನ್ನು ಸಾಗಿಸಿ, ಪ್ರತಿ ಖಾತೆಗೂ ಒಂದು ಸಲ ಲಾಗಿನ್ ಆಗಿ ನೋಡಿಕೊಂಡಿದ್ದೆ.

ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಬೂಟ್‌ಲೋಡರ್ ತೆರೆಯಲು ಅನುಮತಿ ಕೊಡುವ 'ಓಇಎಂ ಅನ್‌ಲಾಕಿಂಗ್' ಅನ್ನೋ ಸ್ವಿಚ್ ಇರುತ್ತದೆ (ಓಇಎಂ ಅಂದರೆ ತಯಾರಿಸಿದ ಕಂಪನಿ). ನನ್ನದು ಮೊದಲು ಬೂದು ಬಣ್ಣದಲ್ಲಿ ಸತ್ತಂತೆ ಕೂತಿತ್ತು. ವೈಫೈ ಹಾಕಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಜೀವ ಬಂತು. ಫೋನನ್ನು ಫಾಸ್ಟ್‌ಬೂಟ್ ಮೋಡ್‌ಗೆ, ಅಂದರೆ ಲ್ಯಾಪ್‌ಟಾಪ್‌ನಿಂದ ಬೂಟ್‌ಲೋಡರ್‌ಗೆ ಕಮಾಂಡ್ ಕೊಡುವ ಸ್ಥಿತಿಗೆ, ತಂದು ಕೇಬಲ್ ಹಾಕಿದೆ. ಲ್ಯಾಪ್‌ಟಾಪ್‌ಗೆ ಫೋನೇ ಕಾಣಿಸಲಿಲ್ಲ. ಅರ್ಧ ಗಂಟೆ ಡ್ರೈವರ್ ಹುಡುಕಿದೆ. ತೊಂದರೆ ಇದ್ದಿದ್ದು ಕೇಬಲ್‌ನಲ್ಲಿ. ಅದು ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದು, ಡೇಟಾ ಹೋಗುತ್ತಿರಲಿಲ್ಲ.

ಕೇಬಲ್ ಬದಲಿಸಿ ಕಮಾಂಡ್ ಕೊಟ್ಟಾಗ ಫೋನು ಐದು ಸಾಲು ಉದ್ದದ ಅಕ್ಷರ, ಅಂಕಿಗಳನ್ನು ಉಗುಳಿತು. ಪ್ರತಿ ಸಾಲಿನ ಮುಂದೆಯೂ 'ಬೂಟ್‌ಲೋಡರ್' ಅನ್ನೋ ಪದ. ಆ ಪದಗಳನ್ನು ತೆಗೆದು, ಐದೂ ಸಾಲನ್ನು ನಡುವೆ ಜಾಗ ಬಿಡದೆ ಒಂದೇ ಸಾಲಾಗಿ ಜೋಡಿಸಿ ಕಂಪನಿಯ ಪುಟದಲ್ಲಿ ಹಾಕಬೇಕು. ನಾನು ಮೂರನೇ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟಿದ್ದೆ, ಒಪ್ಪಲಿಲ್ಲ. ಸರಿ ಮಾಡಿದ ಮೇಲೆ ವಾರಂಟಿ ಹೋಗಬಹುದು ಅನ್ನೋ ಎಚ್ಚರಿಕೆ ಬಂತು, ಒಪ್ಪಿಗೆ ಒತ್ತಿದೆ. ಐದು ನಿಮಿಷದಲ್ಲಿ ಕೋಡ್ ಇಮೇಲ್‌ಗೆ ಬಂತು.

ಆ ಕೋಡ್ ಕೊಟ್ಟ ಮೇಲೆ ಫೋನು ತನ್ನನ್ನು ತಾನೇ ಅಳಿಸಿಕೊಂಡು ಮತ್ತೆ ಎದ್ದಿತು. ಈಗ ಆನ್ ಮಾಡಿದಾಗಲೆಲ್ಲ ಬೂಟ್‌ಲೋಡರ್ ತೆರೆದಿದೆ ಅಂತ ಒಂದು ಎಚ್ಚರಿಕೆ ಪರದೆ ಬರುತ್ತದೆ. ಅದನ್ನು ಮರೆಮಾಡುವುದು ಹೇಗೆ ಅಂತ ಎಷ್ಟೋ ಜನ ಕೇಳುತ್ತಾರೆ. ನನಗೆ ಅದು ಇರಲಿ ಅನಿಸುತ್ತದೆ. ನಾಳೆ ಈ ಫೋನು ಇನ್ನೊಬ್ಬರ ಕೈಗೆ ಹೋದರೆ, ಒಳಗೆ ಇರುವುದು ಮೂಲ ಸಾಫ್ಟ್‌ವೇರ್ ಅಲ್ಲದಿರಬಹುದು ಅಂತ ಅವರಿಗೆ ತಿಳಿಯಬೇಕು.

ಇಳಿಸಿಕೊಂಡ ಫೈಲ್ ಕೆಟ್ಟಿಲ್ಲ ಅಂತ ಖಚಿತಪಡಿಸಲು ಅದರ ಚೆಕ್‌ಸಮ್ ಅನ್ನೋ ಸಂಖ್ಯೆ ತಾಳೆ ನೋಡಿದೆ. ಹೊಸ ಸಾಫ್ಟ್‌ವೇರ್ ಅನ್ನು ಒಳಗೆ ಕೂರಿಸುವ ರಿಕವರಿ ಅನ್ನೋ ಚಿಕ್ಕ ಪ್ರೋಗ್ರಾಂ ಹಾಕಿದೆ. ಮುಖ್ಯ ಫೈಲನ್ನು ಸೈಡ್‌ಲೋಡ್‌ಗೆ ಬಿಟ್ಟೆ, ಅಂದರೆ ಕೇಬಲ್ ಮೂಲಕ ಫೋನಿಗೆ ಕಳಿಸಿದೆ. ಲ್ಯಾಪ್‌ಟಾಪ್ ಪರದೆಯಲ್ಲಿ 47 ಶೇಕಡಾಕ್ಕೆ ಬಂದು ನಿಂತುಬಿಟ್ಟಿತು, ಕೆಳಗೆ ಫೇಲ್ಡ್ ಅಂತಲೂ ಬಂತು. ಮೊದಲ ಸಲ ಮಾಡುವವರು ಗಾಬರಿಯಾಗಿ ಕೇಬಲ್ ಕಿತ್ತುಬಿಡುವುದು ಇಲ್ಲೇ. ಕೀಳಬೇಡಿ. ಆ ಸಾಲನ್ನು ಪೂರ್ತಿ ಓದಿ, ಕೊನೆಯ ಪದ ಸಕ್ಸೆಸ್ ಅಂತ ಇರುತ್ತದೆ. ಲೀನಿಯೇಜ್‌ನವರ ಸೂಚನೆಯಲ್ಲೇ ಇದನ್ನು ಬರೆದಿದ್ದಾರೆ. ಗೂಗಲ್ ಆ್ಯಪ್‌ಗಳು ಬೇಕಿದ್ದರೆ ಮೊದಲ ಸಲ ಆನ್ ಮಾಡುವ ಮುಂಚೆಯೇ ಹಾಕಿಬಿಡಬೇಕು. ಆಮೇಲೆ ಹಾಕಲು ಹೋದರೆ ಮತ್ತೆ ಎಲ್ಲ ಅಳಿಸಿ ಶುರು ಮಾಡಬೇಕಾಗುತ್ತದೆ.

ಇಷ್ಟು ನಿಧಾನವಾಗಿ ಮಾಡಲು ಕಾರಣ ಇದೆ. ಹಿಂದೊಮ್ಮೆ ಬೇರೊಂದು ಫೋನನ್ನು ಕಳೆದುಕೊಂಡಿದ್ದೇನೆ. ಅದರಲ್ಲೂ ಹೊಸ ಸಾಫ್ಟ್‌ವೇರ್ ಚೆನ್ನಾಗಿ ಓಡುತ್ತಿತ್ತು. ಬೀಗ ತೆರೆದಿರುವುದು ಸರಿಯಲ್ಲ ಅನಿಸಿ, ಓಇಎಂ ಸ್ವಿಚ್ ಆರಿಸಿ, ಬೂಟ್‌ಲೋಡರ್ ಅನ್ನು ಮತ್ತೆ ಲಾಕ್ ಮಾಡಿದೆ. ಒಳಗೆ ಇದ್ದಿದ್ದು ಕಂಪನಿಯ ಸಹಿ ಇಲ್ಲದ ಸಾಫ್ಟ್‌ವೇರ್. ಬೂಟ್‌ಲೋಡರ್ ತನ್ನ ಕೆಲಸ ತಾನು ಮಾಡಿತು, ಒಳಗೆ ಬಿಡಲಿಲ್ಲ. ಮತ್ತೆ ಅನ್‌ಲಾಕ್ ಮಾಡೋಣ ಅಂದರೆ ಸ್ವಿಚ್ ಇರುವುದು ಸೆಟ್ಟಿಂಗ್ಸ್ ಒಳಗೆ, ಸೆಟ್ಟಿಂಗ್ಸ್‌ಗೆ ಹೋಗಲು ಫೋನು ಏಳಬೇಕು. ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡೇ ಬದಲಿಸಬೇಕು ಅಂದರು. ಆ ಫೋನಿನ ಮುಖ ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೂಲ ಸಾಫ್ಟ್‌ವೇರ್ ವಾಪಸ್ ಹಾಕದೆ ಲಾಕ್ ಮಾಡಬೇಡಿ. ಇದೊಂದು ಮಾತು ನೆನಪಿಟ್ಟುಕೊಳ್ಳಿ.

ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಇದಕ್ಕೂ ದಾರಿ ಇದೆ. ಅಲ್ಲಿ ಬೇರೆಯವರ ಸಹಿಯ ಕೀಲಿಯನ್ನೂ ಬೂಟ್‌ಲೋಡರ್‌ಗೆ ಪರಿಚಯಿಸಿ ಲಾಕ್ ಮಾಡಬಹುದು. ಭದ್ರತೆಗೆ ಒತ್ತು ಕೊಡುವ ಗ್ರಾಫೀನ್ ಓಎಸ್ ಅನ್ನೋ ಇನ್ನೊಂದು ಆಂಡ್ರಾಯ್ಡ್ ಹಾಗೆಯೇ ನಡೆಯುತ್ತದೆ. ಬೀಗವೂ ಇರುತ್ತದೆ, ಯಾರನ್ನು ನಂಬಬೇಕು ಅನ್ನೋದು ಮಾಲೀಕರ ಕೈಯಲ್ಲೂ ಇರುತ್ತದೆ. ಎಲ್ಲರೂ ಹೀಗೇ ಮಾಡಬೇಕು ಅಂತ ನನ್ನ ಆಸೆ.

ಕಳೆದುಕೊಂಡಿದ್ದೂ ಇದೆ. ಕಂಪನಿಯ ಕ್ಯಾಮೆರಾ ಆ್ಯಪ್ ಹೋಯಿತು, ರಾತ್ರಿ ಫೋಟೋ ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲ. ದುಡ್ಡು ಕಟ್ಟಿ ನೋಡುವ ವಿಡಿಯೋಗಳು ಮಸುಕಾದವು, ಏಕೆಂದರೆ ವಿಡಿಯೋ ನಕಲಾಗದಂತೆ ಕಾಯುವ ವೈಡ್‌ವೈನ್ ಅನ್ನೋ ವ್ಯವಸ್ಥೆಯಲ್ಲಿ ನನ್ನ ಫೋನಿನ ಮಟ್ಟ ಮೇಲಿನ ಎಲ್1ರಿಂದ ಕೆಳಗಿನ ಎಲ್3ಕ್ಕೆ ಇಳಿಯಿತು. ಸ್ಯಾಮ್‌ಸಂಗ್ ಫೋನಿನವರು ಇನ್ನೂ ಜಾಸ್ತಿ ಯೋಚಿಸಬೇಕು. ಅಲ್ಲಿ ಹೊರಗಿನ ಸಾಫ್ಟ್‌ವೇರ್ ಹಾಕಿದ್ದನ್ನು ಗುರುತಿಡುವ ನಾಕ್ಸ್ ಫ್ಯೂಸ್ ಒಂದು ಸಲ ಹಾರಿದರೆ ಮತ್ತೆ ಸರಿಯಾಗುವುದಿಲ್ಲ, ಸೆಕ್ಯೂರ್ ಫೋಲ್ಡರ್ ಥರದ ಸೌಲಭ್ಯಗಳು ನಿಂತುಹೋಗುತ್ತವೆ.

ನನಗೆ ಜಾಸ್ತಿ ನೋವಾಗಿದ್ದು ಬ್ಯಾಂಕ್ ಆ್ಯಪ್ ವಿಷಯದಲ್ಲಿ. ನನ್ನ ಎರಡು ಆ್ಯಪ್‌ಗಳಲ್ಲಿ ಒಂದು ತೆರೆಯುತ್ತದೆ, ಇನ್ನೊಂದು ಈ ಫೋನು ಸುರಕ್ಷಿತ ಅಲ್ಲ ಅಂತ ಮುಚ್ಚಿಕೊಳ್ಳುತ್ತದೆ. ಫೋನಿನ ಸಾಫ್ಟ್‌ವೇರ್ ಮೂಲದ್ದೇನಾ ಅಂತ ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ನನ್ನ ಫೋನು ಪಾಸಾಗುವುದಿಲ್ಲ. ನನ್ನದರಲ್ಲಿ ಹೋದ ತಿಂಗಳ ಪ್ಯಾಚ್ ಇದೆ. ಅದೇ ಆ್ಯಪ್ ತಂಗಿಯ ಎರಡು ವರ್ಷ ಹಳೆಯ ಪ್ಯಾಚಿನ ಫೋನಿನಲ್ಲಿ ಒಂದು ಮಾತೂ ಕೇಳದೆ ತೆರೆಯಿತು. ಇದು ನ್ಯಾಯ ಅಲ್ಲ. ಪರೀಕ್ಷೆಯನ್ನು ಏಮಾರಿಸುವ ಮಾಡ್ಯೂಲ್‌ಗಳು ಸಿಗುತ್ತವೆ, ಆದರೆ ಯಾರೋ ಬರೆದ ಅಂಥ ಕೋಡನ್ನು ನನ್ನ ದುಡ್ಡಿನ ಪಕ್ಕ ಕೂರಿಸಲು ಮನಸ್ಸಾಗಲಿಲ್ಲ. ಆ ಬ್ಯಾಂಕನ್ನು ಬ್ರೌಸರ್‌ನಲ್ಲೇ ತೆರೆಯುತ್ತೇನೆ.

ಇನ್ನು ತಂಗಿಯ ಫೋನು. ಡೆವಲಪರ್ ಆಪ್ಷನ್ಸ್ ತೆರೆದೆ, ಓಇಎಂ ಸ್ವಿಚ್ ಇರಲೇ ಇಲ್ಲ. ಎರಡು ಸಲ ಮೇಲಿಂದ ಕೆಳಗೆ ಹುಡುಕಿದೆ. ಕಂಪನಿಯ ಕಡೆಯಿಂದ ಕೋಡ್ ಕೊಡುವ ಪುಟವೂ ಇಲ್ಲ. ದುಡ್ಡು ಕೊಟ್ಟರೆ ತೆರೆದುಕೊಡುತ್ತೇವೆ ಅನ್ನೋ ಅಪರಿಚಿತರು ಸಿಕ್ಕರು. ಲ್ಯಾಪ್‌ಟಾಪ್‌ನ ಆಂಟಿವೈರಸ್ ಆರಿಸಿ ಅವರ ಪ್ರೋಗ್ರಾಂ ಓಡಿಸಬೇಕಂತೆ. ನೇರ ದಾರಿ ಮುಚ್ಚಿದರೆ ಜನ ಇಂಥವರ ಕೈಗೆ ಸಿಗುತ್ತಾರೆ. ನಾನು ಬೇಡ ಅಂದೆ.

"ಅಣ್ಣ, ನಂದೇ ಫೋನಲ್ವಾ? ಯಾಕೆ ಆಗಲ್ಲ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅದರ ಸಿಮ್ ತೆಗೆದು, ಖಾತೆಗಳನ್ನೆಲ್ಲ ಅಳಿಸಿ, ಇಂಟರ್ನೆಟ್ ಇಲ್ಲದೆ ಹಾಡು ಕೇಳಲು ಮಾತ್ರ ಇಟ್ಟುಕೊಂಡಿದ್ದಾಳೆ. ಹೊಸದು ತೊಗೊಳ್ಳುವಾಗ ಕ್ಯಾಮೆರಾ, ಬಣ್ಣ ನೋಡುವ ಮುಂಚೆ ಬೂಟ್‌ಲೋಡರ್ ತೆರೆಯಲು ಬಿಡುತ್ತಾರಾ ಅಂತ ಅವಳೇ ಹುಡುಕಿ ನೋಡಿದಳು.