ವಾರಕ್ಕೆ ಹದಿನೆಂಟು ಗಂಟೆ ಎಲ್ಲಿಂದ ತರೋದು?

ಅಮೆರಿಕದ ಸಾಂತಾ ಕ್ಲಾರಾಕ್ಕೆ ಬಂದು ಆರು ವರ್ಷವಾದ ಮೇಲೆ ನನ್ನ ಕೈಗೆ ಕೆಲಸದ ಪರ್ಮಿಟ್ ಬಂತು. ಇಲ್ಲಿ ಕೆಲಸದ ವೀಸಾದಲ್ಲಿ ಇರುವವರ ಗಂಡನಿಗೋ ಹೆಂಡತಿಗೋ ಕೊಡುವುದು ಎಚ್-4 ವೀಸಾ. ನಮ್ಮಂಥ ಎಚ್-4ನವರಿಗೆ 2015ರಿಂದ ಕೆಲಸದ ಪರ್ಮಿಟ್ ಸಿಗುತ್ತಿದೆ. ಆದರೆ ಗಂಡನದೋ ಹೆಂಡತಿಯದೋ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಅದಕ್ಕೇ ಅಷ್ಟು ವರ್ಷ ಕಾದಿದ್ದು.

ಊರಲ್ಲಿ ಬಿಎಸ್ಸಿ ಮುಗಿಸಿ ಹಾಸನದ ಒಂದು ಶಾಲೆಯಲ್ಲಿ ಎರಡು ವರ್ಷ ನರ್ಸರಿ ಮಕ್ಕಳಿಗೆ ಪಾಠ ಹೇಳಿದ್ದೆ. ಇಲ್ಲೂ ಅದೇ ಕೆಲಸ ಬೇಕು ಅಂತ ಆಸೆ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇರುವ ಪ್ರೀಸ್ಕೂಲಿನಲ್ಲಿ ಪೂರ್ತಿ ಅರ್ಹತೆ ಇರುವ ಟೀಚರ್ ಆಗಲು ಚಿಕ್ಕ ಮಕ್ಕಳ ಶಿಕ್ಷಣದ 12 ಯೂನಿಟ್ ಓದಿರಬೇಕು. ಯೂನಿಟ್ ಅಂದರೆ ಒಂದು ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ. 6 ಯೂನಿಟ್ ಮುಗಿಸಿದ್ದರೂ ಕೆಲಸಕ್ಕೆ ತೆಗೆದುಕೊಳ್ಳಬಹುದು. ಆದರೆ 12 ಆಗುವವರೆಗೆ ಪ್ರತಿ ಸೆಮಿಸ್ಟರ್ ಕನಿಷ್ಠ 2 ಯೂನಿಟ್ ಓದುತ್ತಾ ಇರಬೇಕು. ಇದಕ್ಕೆಲ್ಲ ದೊಡ್ಡ ಯೂನಿವರ್ಸಿಟಿಗೆ ಹೋಗಬೇಕಿಲ್ಲ, ಮನೆ ಹತ್ತಿರದ ಕಮ್ಯುನಿಟಿ ಕಾಲೇಜು ಸಾಕು. ಇಲ್ಲಿಯವರೇ ಅಂತ ಲೆಕ್ಕಕ್ಕೆ ಬಂದರೆ ಒಂದು ಯೂನಿಟ್‌ಗೆ 46 ಡಾಲರ್. ಆ ಲೆಕ್ಕಕ್ಕೆ ಬರಲು ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಈ ರಾಜ್ಯದಲ್ಲಿ ಒಂದು ವರ್ಷದ ಮೇಲೆ ಒಂದು ದಿನ ವಾಸ ಇದ್ದಿರಬೇಕು. ಎಚ್-4ನವರೂ ಅದನ್ನು ತೋರಿಸಬಹುದು. ನಾನು ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ರಾಜ್ಯದ ಟ್ಯಾಕ್ಸ್ ರಿಟರ್ನ್ ಕೊಟ್ಟೆ. ಇಲ್ಲದಿದ್ದರೆ ಫೀಸು ಇದರ ಎಷ್ಟೋ ಪಟ್ಟು ಆಗುತ್ತದೆ. ಹಾಗಾಗಿ ಮೊದಲು ಈ ಕಾಗದಗಳನ್ನು ಜೋಡಿಸಿಕೊಳ್ಳಿ.

ಮೊದಲ ಸೆಮಿಸ್ಟರಿಗೆ ನಾನು ಮೂರು ಕೋರ್ಸ್ ತೆಗೆದುಕೊಂಡೆ. ಒಂದೊಂದು 3 ಯೂನಿಟ್, ಒಟ್ಟು 9. ಫುಲ್ ಟೈಮ್ ಅಂದರೆ 12 ಯೂನಿಟ್, ನನ್ನದು ಅದಕ್ಕಿಂತ ಕಡಿಮೆ, ಆರಾಮಾಗಿ ಆಗುತ್ತೆ ಅಂದುಕೊಂಡೆ. ಎರಡು ಕೋರ್ಸ್ ಪೂರ್ತಿ 16 ವಾರದ್ದು. ಮೂರನೆಯದು ಆನ್‌ಲೈನ್, 8 ವಾರದಲ್ಲಿ ಮುಗಿಯುವಂಥದ್ದು. ಬೇಗ ಮುಗಿಯುತ್ತೆ ಅಂತಲೇ ಅದನ್ನು ಆರಿಸಿದ್ದೆ.

ಎರಡನೇ ವಾರದ ಹೊತ್ತಿಗೆ ರಾತ್ರಿ ಒಂದೂವರೆಗೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದೆ. ಮಗಳು ಮೂರನೇ ಕ್ಲಾಸು, ಮಗ ಕಿಂಡರ್‌ಗಾರ್ಟನ್. ಒಂದು ದಿನ ಮಗನ ಊಟದ ಡಬ್ಬಿಯಲ್ಲಿ ಹಿಂದಿನ ದಿನದ ಚಪಾತಿ ಹಾಗೇ ಇತ್ತು. ತೊಳೆಯದೆ, ತೆಗೆಯದೆ, ಅದೇ ಡಬ್ಬಿಯನ್ನು ಮತ್ತೆ ಬ್ಯಾಗಿಗೆ ಹಾಕಿ ಕಳಿಸಿದ್ದೆ. ಅವನು ಏನೂ ಹೇಳಲಿಲ್ಲ. ಸುಮ್ನೆ ಶಾಲೆಯಲ್ಲಿ ಕೊಟ್ಟ ಸೇಬು ತಿಂದು ಬಂದಿದ್ದ. ಆ ಡಬ್ಬಿ ಕೈಯಲ್ಲಿ ಹಿಡಿದು ಸಿಂಕಿನ ಮುಂದೆ ತುಂಬ ಹೊತ್ತು ನಿಂತಿದ್ದೆ.

ಮರುದಿನ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಹೋದರೂ ಹತ್ತು ಹದಿನೈದು ನಿಮಿಷ ಸಿಗುತ್ತಾರೆ. ಅವರು ಒಂದು ಹಾಳೆ ತೆಗೆದು ಲೆಕ್ಕ ಬರೆದರು. ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಅದರ ಜೊತೆಗೆ ಎರಡು ಗಂಟೆ ಓದು ಬರಹ. ಅಂದರೆ 3 ಯೂನಿಟ್ ಕೋರ್ಸಿಗೆ ವಾರಕ್ಕೆ 9 ಗಂಟೆ. ಇದು 16 ವಾರದ ಲೆಕ್ಕ. ಅದೇ ಕೋರ್ಸನ್ನು 8 ವಾರಕ್ಕೆ ಹಿಂಡಿದರೆ ವಾರಕ್ಕೆ 18 ಗಂಟೆ. ನನ್ನ ಎರಡು ಕೋರ್ಸಿಗೆ 18, ಈ ಒಂದಕ್ಕೇ 18. ಒಟ್ಟು 36 ಗಂಟೆ! ಎರಡು ಮಕ್ಕಳು, ಅಡುಗೆ, ಮನೆ ಇಟ್ಟುಕೊಂಡು ನಾನು ಒಂದು ಫುಲ್ ಟೈಮ್ ಕೆಲಸದಷ್ಟು ಹೊರೆ ಹೊತ್ತಿದ್ದೆ, ಅದೂ ಗೊತ್ತಿಲ್ಲದೆ.

ಆ ಕೋರ್ಸ್ ಬಿಟ್ಟೆ. ಆದರೆ ದುಡ್ಡು ವಾಪಸ್ ಬರಲಿಲ್ಲ. ಪೂರ್ತಿ ಸೆಮಿಸ್ಟರಿನ ಕೋರ್ಸಾದರೆ ಮೊದಲ ಎರಡು ವಾರದೊಳಗೆ ಬಿಟ್ಟರೆ ಫೀಸು ವಾಪಸ್. ಚಿಕ್ಕ ಕೋರ್ಸಿಗೆ ಹಾಗಲ್ಲ, ಕೋರ್ಸಿನ ಅವಧಿಯ ನೂರಕ್ಕೆ 10 ಭಾಗ ಕಳೆಯುವುದರೊಳಗೆ ಬಿಡಬೇಕು. 8 ವಾರದ ಕೋರ್ಸಿಗೆ ಅದು ಒಂದು ವಾರವೂ ಆಗುವುದಿಲ್ಲ. 138 ಡಾಲರ್ ಹೋಯಿತು. ಈಗ ಯಾವ ಕೋರ್ಸಿಗೆ ಸೇರಿದರೂ ನಾನು ಮೊದಲು ಬರೆದುಕೊಳ್ಳುವುದು ಮೂರು ತಾರೀಕು. ಫೀಸು ವಾಪಸ್ ಬರುವ ಕೊನೆಯ ದಿನ, ದಾಖಲೆಯಲ್ಲಿ ಏನೂ ಉಳಿಯದಂತೆ ಬಿಡಬಹುದಾದ ಕೊನೆಯ ದಿನ, ದಾಖಲೆಯಲ್ಲಿ 'ಡಬ್ಲ್ಯು', ಅಂದರೆ ನಡುವೆ ಬಿಟ್ಟರು ಅನ್ನುವ ಗುರುತು, ಬಿದ್ದರೂ ಪರವಾಗಿಲ್ಲ ಅಂತ ಬಿಡಬಹುದಾದ ಕೊನೆಯ ದಿನ. ಕೋರ್ಸಿಂದ ಕೋರ್ಸಿಗೆ ಇವು ಬೇರೆ ಬೇರೆ.

ಎರಡನೇ ಸೆಮಿಸ್ಟರಿಗೆ ನಾನು ಉಲ್ಟಾ ಕಡೆಯಿಂದ ಶುರು ಮಾಡಿದೆ. ಕೋರ್ಸ್ ಪಟ್ಟಿ ತೆರೆಯಲೇ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಮಗಳ ಡ್ರಾಯಿಂಗ್ ಶೀಟ್ ತೆಗೆದುಕೊಂಡು ಏಳು ದಿನಕ್ಕೆ ಏಳು ಕಂಬ ಎಳೆದೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತೂವರೆಯವರೆಗೆ ಅರ್ಧರ್ಧ ಗಂಟೆಯ ಮನೆ. ಬದಲಾಯಿಸಲು ಆಗದ್ದನ್ನೆಲ್ಲ ಮೊದಲು ಪೆನ್ನಿನಲ್ಲಿ ತುಂಬಿದೆ. ಮಕ್ಕಳನ್ನು ಬಿಡೋದು, ಕರೆತರೋದು. ಬುಧವಾರ ಶಾಲೆ ಬೇಗ ಬಿಡುತ್ತೆ, ಅದು. ಅಡುಗೆ. ಮಂಗಳವಾರ, ಗುರುವಾರ ಗಂಡ ಆಫೀಸಿಗೆ ಹೋಗಿ ಏಳಕ್ಕೆ ಬರುವುದು. ಶನಿವಾರದ ಕನ್ನಡ ಕಲಿ ತರಗತಿ, ಅಲ್ಲಿ ನಾನೂ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತೇನೆ. ಆಮೇಲೆ ಉಳಿದ ಖಾಲಿ ಮನೆಗಳನ್ನು ಎಣಿಸಿದೆ.

ಎಣಿಸುವಾಗ ಒಂದು ವಿಷಯ ಕಲಿತೆ. ಅರ್ಧ ಗಂಟೆಯ ಖಾಲಿ ಜಾಗ ಓದಿನ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಪಾತ್ರೆ ಆಗುತ್ತೆ, ಅಮ್ಮನಿಗೆ ಫೋನ್ ಆಗುತ್ತೆ. ಬರೆಯುವ ಕೆಲಸಕ್ಕೆ ಒಂದೂವರೆ ಗಂಟೆಯಾದರೂ ಒಟ್ಟಿಗೆ ಬೇಕು. ಅಂಥದ್ದನ್ನು ಮಾತ್ರ ಲೆಕ್ಕ ಹಾಕಿದಾಗ ನನಗೆ ವಾರಕ್ಕೆ 19 ಗಂಟೆ ಸಿಕ್ಕಿತು. ಅಂದರೆ 6 ಯೂನಿಟ್, 18 ಗಂಟೆ. ಒಂದು ಗಂಟೆ ಮಗುವಿಗೆ ಜ್ವರ ಬಂದರೆ ಅಂತ. ಅದೂ ಸಾಲದು ನಿಜ, ಆದರೆ ಇದ್ದದ್ದು ಅಷ್ಟೇ.

ಆಮೇಲೆ ಕೋರ್ಸ್ ಪಟ್ಟಿ ತೆರೆದೆ. ನಮ್ಮ 12 ಯೂನಿಟ್ಟಿನಲ್ಲಿ ಮಗುವಿನ ಬೆಳವಣಿಗೆ ಬಗ್ಗೆ ಒಂದು ಕೋರ್ಸ್ ಇರಲೇಬೇಕು. ಮಗು, ಕುಟುಂಬ, ಸಮಾಜ ಅಂತ ಒಂದು. ಪಾಠಕ್ರಮದ್ದು ಒಂದು. ಮೊದಲೆರಡನ್ನು ಹಿಂದಿನ ಸೆಮಿಸ್ಟರಿನಲ್ಲೇ ಮುಗಿಸಿದ್ದೆ. ಇವನ್ನು ಮೊದಲು ಮುಗಿಸುವುದೇ ಒಳ್ಳೆಯದು, ಯಾಕೆಂದರೆ ಮುಂದೆ ತರಗತಿಯೊಳಗೇ ನಿಂತು ಕಲಿಯುವ ಪ್ರಾಕ್ಟಿಕಮ್‌ಗೆ ಇವು ಆಗಿರಬೇಕು ಅಂತ ಕೇಳುತ್ತಾರೆ. ಯಾವ ಕೋರ್ಸ್ ಯಾವ ಸೆಮಿಸ್ಟರಿನಲ್ಲಿ ಮಾತ್ರ ಇರುತ್ತೆ ಅಂತಲೂ ನೋಡಿಕೊಳ್ಳಬೇಕು. ಒಮ್ಮೆ ತಪ್ಪಿದರೆ ಕೆಲವಕ್ಕೆ ಒಂದು ವರ್ಷ ಕಾಯಬೇಕಾಗುತ್ತದೆ.

ಕಾಲೇಜು ಬದಲಾಯಿಸಿ ಓದುವವರಿಗೆ ಇನ್ನೊಂದು ಮಾತು. ಕ್ಯುಪರ್ಟಿನೋದ ಡಿ ಆನ್ಝಾ ಕಾಲೇಜು ನಡೆಯುವುದು ಕ್ವಾರ್ಟರ್ ಲೆಕ್ಕದಲ್ಲಿ, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಲ್ಲಿ. ಸಾಂತಾ ಕ್ಲಾರಾದ ಮಿಷನ್, ಸಾರಟೋಗಾದ ವೆಸ್ಟ್ ವ್ಯಾಲಿ ಸೆಮಿಸ್ಟರ್ ಲೆಕ್ಕದಲ್ಲಿ. ಒಂದೂವರೆ ಕ್ವಾರ್ಟರ್ ಯೂನಿಟ್ ಸೇರಿದರೆ ಒಂದು ಸೆಮಿಸ್ಟರ್ ಯೂನಿಟ್. ಹಾಗಾಗಿ ಅಲ್ಲಿ 12 ಮುಗಿಸಿದರೆ ಇಲ್ಲಿನ ಲೆಕ್ಕದಲ್ಲಿ 8 ಮಾತ್ರ. ನನ್ನ ಗೆಳತಿಯೊಬ್ಬಳು ಎಲ್ಲ ಮುಗಿಯಿತು ಅಂತ ಸಿಹಿ ಹಂಚಿದ ಮೇಲೆ ಇದು ಗೊತ್ತಾಗಿ ಅತ್ತುಬಿಟ್ಟಳು.

ಈಗ ಅಬ್ಸರ್ವೇಶನ್ ವಿಷಯ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಅನಿಸುತ್ತದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕೋರ್ಸುಗಳು ಸಂಜೆ ಇರಲಿ, ಆನ್‌ಲೈನ್ ಇರಲಿ, ಪ್ರೀಸ್ಕೂಲಿಗೆ ಹೋಗಿ ಮಕ್ಕಳನ್ನು ನೋಡಿ ಬರೆಯುವ ಕೆಲಸ ಇದ್ದೇ ಇರುತ್ತದೆ. ಅದು ಹಗಲಲ್ಲೇ ಆಗಬೇಕು, ಮಕ್ಕಳು ಇರುವುದೇ ಆಗ. ಸಂಜೆ ಕೋರ್ಸ್ ಅಂತ ಹಗಲೆಲ್ಲ ಬೇರೆ ಕೆಲಸಕ್ಕೆ ಒಪ್ಪಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ನಾನು ನನ್ನ ಶೀಟಿನಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ ಇದಕ್ಕೇ ಅಂತ ಹಸಿರು ಬಣ್ಣ ಹಚ್ಚಿ ಇಟ್ಟೆ.

ಒಳಗೆ ಬಿಡುವ ಮೊದಲು ಪ್ರೀಸ್ಕೂಲಿನವರು ಟಿಬಿ ಇಲ್ಲ ಅನ್ನುವ ಪತ್ರ, ಲಸಿಕೆಗಳ ದಾಖಲೆ ಕೇಳುತ್ತಾರೆ. ಮೊದಲ ಸಲ ನಾನು ಚರ್ಮದ ಮೇಲೆ ಮಾಡುವ ಟಿಬಿ ಪರೀಕ್ಷೆ ಮಾಡಿಸಿಕೊಂಡೆ. ಎರಡು ದಿನಕ್ಕೆ ಮುಂಗೈ ಒಳಭಾಗ ನಾಲ್ಕಾಣೆ ಅಗಲ ಕೆಂಪಗೆ ಊದಿಕೊಂಡಿತು. ನರ್ಸ್ ಸ್ಕೇಲ್ ಇಟ್ಟು ಅಳೆದು, ಪಾಸಿಟಿವ್ ಅಂದರು. ನನಗೆ ಕೈಕಾಲು ತಣ್ಣಗಾಯಿತು. ಆಮೇಲೆ ಡಾಕ್ಟರು ನನ್ನ ಎಡ ತೋಳಿನ ಮೇಲಿನ ಹಳೆಯ ಕಲೆ ನೋಡಿ, ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡಿದ್ದೀರಲ್ಲ, ಅದರಿಂದಲೂ ಹೀಗೆ ಬರಬಹುದು ಅಂದರು. ರಕ್ತ ಪರೀಕ್ಷೆ ಬರೆದುಕೊಟ್ಟರು, ಅದು ನೆಗೆಟಿವ್ ಬಂತು. ನಮ್ಮೂರಿನಲ್ಲಿ ಹುಟ್ಟಿದ ಬಹುತೇಕರ ತೋಳಿನಲ್ಲಿ ಆ ಕಲೆ ಇದೆ ಅಲ್ವಾ? ಮೊದಲೇ ರಕ್ತ ಪರೀಕ್ಷೆಯೇ ಬೇಕು ಅಂತ ಕೇಳಿ. ಆ ಓಡಾಟದಲ್ಲಿ ನನ್ನ ಮೂರು ವಾರ ಹೋಯಿತು, ಅಬ್ಸರ್ವೇಶನ್ ರಿಪೋರ್ಟ್ ಕೊಡುವ ದಿನ ಹತ್ತಿರ ಬಂದುಬಿಟ್ಟಿತ್ತು. ದಡಾರದ ಲಸಿಕೆ ಹಾಕಿಸಿದ್ದಕ್ಕೆ ಊರಲ್ಲಿ ಚೀಟಿಯೇ ಉಳಿದಿರಲಿಲ್ಲ. ಅದಕ್ಕೂ ರಕ್ತ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಇದೆಯಾ ಅಂತ ನೋಡುತ್ತಾರೆ. ಇವೆಲ್ಲ ಸೆಮಿಸ್ಟರ್ ಶುರುವಾಗುವ ಒಂದು ತಿಂಗಳ ಮೊದಲೇ ಮುಗಿಸಿಕೊಳ್ಳುವ ಕೆಲಸ.

ರಿಜಿಸ್ಟ್ರೇಶನ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಓರಿಯಂಟೇಶನ್ ಮುಗಿಸಿ, ಕೌನ್ಸೆಲರ್ ಜೊತೆ ಕೂತು ಎಜುಕೇಶನ್ ಪ್ಲಾನ್ ಮಾಡಿಸಿದವರಿಗೆ ಕೋರ್ಸಿಗೆ ಹೆಸರು ಹಚ್ಚಲು ಬೇಗನೆಯ ತಾರೀಕು ಸಿಗುತ್ತದೆ. ಬೇಕಾದ ಕೋರ್ಸಿಗೆ ಇನ್ನೊಂದು ಬದಲಿ ಇಟ್ಟುಕೊಂಡೇ ಕೂರಬೇಕು. ಸಂಜೆ ಕೋರ್ಸಿಗೆ ಜನ ಕಡಿಮೆ ಬಂದರೆ ರದ್ದು ಮಾಡುತ್ತಾರೆ, ನನಗೇ ಒಮ್ಮೆ ಹಾಗಾಯಿತು. ಪುಸ್ತಕಕ್ಕೆ ದುಡ್ಡು ಬೇಡದ ತರಗತಿಗಳಿಗೆ ಪಟ್ಟಿಯಲ್ಲೇ ಗುರುತು ಹಾಕಿರುತ್ತಾರೆ. ಬೇರೆಲ್ಲ ಒಂದೇ ಆಗಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ತರಗತಿ ಶುರುವಾದ ಮೊದಲ ವಾರ ಕೈಗೆ ಸಿಲಬಸ್ ಬಂದ ಕೂಡಲೇ ಎಲ್ಲ ತಾರೀಕುಗಳನ್ನೂ ಅಡುಗೆಮನೆಯ ಕ್ಯಾಲೆಂಡರಿಗೆ ಇಳಿಸುತ್ತೇನೆ. ಅದು ಊರಿಂದ ಬಂದ ಪಂಚಾಂಗದ ಕ್ಯಾಲೆಂಡರ್. ಆಗಸ್ಟ್ ಕೊನೆಗೆ ಶುರುವಾಗುವ ಸೆಮಿಸ್ಟರಿನಲ್ಲಿ ನಮ್ಮ ಹಬ್ಬಗಳೆಲ್ಲ ಸಾಲಾಗಿ ಬರುತ್ತವೆ. ಗೌರಿ ಗಣೇಶ ಮೊದಲ ವಾರಗಳಲ್ಲಿ. ನವರಾತ್ರಿ, ದೀಪಾವಳಿ ಎರಡೂ ನಡು ಸೆಮಿಸ್ಟರಿನ ಪರೀಕ್ಷೆ, ಪೇಪರ್‌ಗಳ ಮಧ್ಯೆ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇದೆ. ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಮಕ್ಕಳಿಗೆ ಇದು ಇಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಹಾಗಾಗಿ ಆ ಹತ್ತು ದಿನದಲ್ಲಿ ಕೊಡಬೇಕಾದ ಪೇಪರನ್ನು ಹಿಂದಿನ ವಾರವೇ ಬರೆದು ಮುಗಿಸಿದೆ. ಪಟ್ಟದ ಗೊಂಬೆ ತೆಗೆದು ಒರೆಸುವಾಗ ತಲೆಯಲ್ಲಿ ಯಾವ ಭಾರವೂ ಇರಲಿಲ್ಲ. ಆ ಸಮಾಧಾನ ಹಿಂದಿನ ಸೆಮಿಸ್ಟರಿನಲ್ಲಿ ಒಂದು ದಿನವೂ ಇರಲಿಲ್ಲ.

ಮೂರನೇ ಸೆಮಿಸ್ಟರಿಗೆ ಪ್ರಾಕ್ಟಿಕಮ್ ತೆಗೆದುಕೊಳ್ಳಬೇಕಿತ್ತು. ಅದಕ್ಕೆ ವಾರದಲ್ಲಿ ಎರಡು ಮೂರು ಬೆಳಿಗ್ಗೆ ಪೂರ್ತಿ ಬೇಕು. ನನ್ನ ಶೀಟಿನಲ್ಲಿ ಅಷ್ಟು ಜಾಗ ಇರಲಿಲ್ಲ. ಆಗ ಅತ್ತೆ ಹಾಸನದಿಂದ ಬರುವ ಮಾತು ಬಂತು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅವರು ಬೇಸಿಗೆಗೆ ಬರುವುದಾಗಿ ಇತ್ತು. ನಾನು ಫೋನಿನಲ್ಲಿ ಹಿಂಜರಿಯುತ್ತಲೇ ಕೇಳಿದೆ, "ಅತ್ತೆ, ಸಂಕ್ರಾಂತಿ ಮುಗಿಸಿಕೊಂಡು ಜನವರಿಯಲ್ಲೇ ಬರೋಕಾಗುತ್ತಾ? ಮೇ ಕೊನೆವರೆಗೆ ನನ್ನ ಕ್ಲಾಸ್ ಇರುತ್ತೆ."

"ಚಳಿ ಇರುತ್ತೇನೋಮ್ಮ ಅಲ್ಲಿ?"

"ಊಟಿಯಷ್ಟು ಇರುತ್ತೆ ಅತ್ತೆ, ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಬಿಡು. ನೀನು ಓದ್ಕೋ, ಬೆಳಗ್ಗಿನ ಅಡುಗೆ ನಾನು ನೋಡ್ಕೋತೀನಿ" ಅಂದರು. ಟಿಕೆಟ್ ಮಾಡುವ ಮೊದಲು ನಾನು ಕಾಲೇಜಿನ ಕ್ಯಾಲೆಂಡರ್ ತೆಗೆದು ಕೊನೆಯ ಪರೀಕ್ಷೆಯ ವಾರ ನೋಡಿ, ಅದಾದ ಮೇಲೆ ಹತ್ತು ದಿನ ಸೇರಿಸಿ ವಾಪಸ್ ತಾರೀಕು ಹಾಕಿಸಿದೆ. ಆ ಹತ್ತು ದಿನ ಅವರನ್ನು ಸುತ್ತಾಡಿಸಲು. ಬರೀ ಅಡುಗೆ ಮಾಡಿಸಿ ಕಳಿಸಿದೆ ಅಂತ ನನಗೆ ಅನಿಸಬಾರದಿತ್ತು.

ಆ ಸೆಮಿಸ್ಟರ್ ಮುಗಿದು ನನ್ನ ಯೂನಿಟ್ 12 ದಾಟಿತು. ಈಗ ವಾರಕ್ಕೆ ನಾಲ್ಕು ಬೆಳಿಗ್ಗೆ ಒಂದು ಪ್ರೀಸ್ಕೂಲಿನಲ್ಲಿ ಮೂರು ವರ್ಷದ ಮಕ್ಕಳ ತರಗತಿಯಲ್ಲಿದ್ದೇನೆ. ಮುಂದೆ ರಾಜ್ಯದ ಟೀಚರ್ ಪರ್ಮಿಟ್ ಪಡೆಯಲು ಈ ವಿಷಯದಲ್ಲಿ 24 ಯೂನಿಟ್ ಬೇಕು, ಅದರ ಮೇಲೆ ಸಾಮಾನ್ಯ ವಿಷಯಗಳ 16. ಆ 16ಕ್ಕೆ ನಮ್ಮೂರಿನ ಬಿಎಸ್ಸಿ ಅಂಕಪಟ್ಟಿಯನ್ನು ಇಲ್ಲಿನ ಲೆಕ್ಕಕ್ಕೆ ಮೌಲ್ಯಮಾಪನ ಮಾಡಿಸಲು ಕಳಿಸಿದ್ದೇನೆ.

ಮೊನ್ನೆ ಭಾನುವಾರ ಮತ್ತೆ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತೆ. ಕೆಲಸ ಸೇರಿದ ಮೇಲೆ ಖಾಲಿ ಮನೆಗಳು 11 ಗಂಟೆಗೆ ಇಳಿದಿವೆ. ಅಂದರೆ ಒಂದೇ ಕೋರ್ಸ್. ಎಳೆಗೂಸುಗಳ ಆರೈಕೆ ಬಗ್ಗೆ ಇರುವುದನ್ನು ಆರಿಸಿದೆ, ಎರಡು ವರ್ಷದೊಳಗಿನ ಮಕ್ಕಳ ತರಗತಿಗೆ ಟೀಚರ್ ಆಗಲು ಅದು ಬೇಕು. ಸೀಟು ತುಂಬಿತ್ತು, ವೇಟ್‌ಲಿಸ್ಟಿನಲ್ಲಿ ನಾಲ್ಕನೆಯವಳು. ಮೊದಲ ದಿನ ಬರದವರನ್ನು ತೆಗೆದುಹಾಕಿ ಕಾಯುವವರಿಗೆ ಸೀಟು ಕೊಡುತ್ತಾರೆ. ಹಾಗಾಗಿ ಮಂಗಳವಾರ ಸಂಜೆ ಆರಕ್ಕೆ ನಾನು ಅಲ್ಲಿ ಮುಂದಿನ ಬೆಂಚಿನಲ್ಲಿ ಇರುತ್ತೇನೆ. ಆ ದಿನ ಆಫೀಸಿಂದ ಬೇಗ ಬರುತ್ತೀನಿ ಅಂತ ಇವರು ಈಗಲೇ ಹೇಳಿದ್ದಾರೆ.