ಕಾರವಾರದ ತೇವದಲ್ಲಿ ತೈಲವರ್ಣ

ಮುಂದಿಟ್ಟ ವಸ್ತುಗಳನ್ನು ನೋಡಿ ಬರೆಯುವ ಸ್ಟಿಲ್ ಲೈಫ್‌ಗೆ ಉತ್ತರದ ಕಿಟಕಿಯ ಬೆಳಕೇ ಸರಿ ಎಂಬ ಮಾತು ಚಿತ್ರಕಲೆ ಕಲಿಯುವವರ ಕಿವಿಗೆ ಮೊದಲ ದಿನವೇ ಬೀಳುತ್ತದೆ. ಕಾರವಾರದಲ್ಲಿ ಅದನ್ನು ಹಾಗೇ ನಂಬಿದರೆ ಮೇ ತಿಂಗಳಲ್ಲಿ ಚಿತ್ರ ಕೆಡುತ್ತದೆ. ನಮ್ಮೂರು ಇರುವುದು ಸುಮಾರು 14.8 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆ ಅದೇ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಮಾಸ್ತರು ಹೇಳಿಕೊಟ್ಟಂತೆ ನಾನು ಕಿಟಕಿಗೆ ತೆಳು ಬಿಳಿ ಪಂಚೆ ಇಳಿಬಿಟ್ಟು, ಕೆಳಗಿನ ಅರ್ಧವನ್ನು ರಟ್ಟಿನಿಂದ ಮುಚ್ಚುತ್ತೇನೆ. ಬೆಳಕು ಮೇಲಿನಿಂದ ಓರೆಯಾಗಿ ಬೀಳುತ್ತದೆ, ಒಂದು ವಸ್ತುವಿಗೆ ಒಂದೇ ನೆರಳು ಉಳಿಯುತ್ತದೆ.

ಇಡುವ ವಸ್ತು ಹೆಚ್ಚು ಬೇಡ. ತಾಮ್ರದ ತಂಬಿಗೆ, ಎರಡು ಇಶಾಡ ಮಾವು, ಹಿಂದೆ ಮಾಸಲು ಬಟ್ಟೆ ಸಾಕು. ತಂಬಿಗೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದಾದರೆ ಪ್ರತಿ ಸಲ ಕೂರುವ ಮೊದಲೂ ತಿಕ್ಕಬೇಕು. ಕಡಲ ಗಾಳಿಗೆ ತಾಮ್ರ ಬೇಗ ಕಪ್ಪೇರುತ್ತದೆ, ಹೋದ ವಾರದ ಬಣ್ಣ ಈ ವಾರಕ್ಕೆ ಕೂಡುವುದಿಲ್ಲ. ಮಾವು ಹಣ್ಣಾಗುತ್ತ ಬಣ್ಣ ಬದಲಿಸುವುದರಿಂದ ಅದನ್ನೇ ಮೊದಲು ಮುಗಿಸುತ್ತೇನೆ.

ಕ್ಯಾನ್ವಾಸ್ 12×16 ಇಂಚು. ಅಂಗಡಿಯಿಂದ ತಂದದ್ದಕ್ಕೂ ಬಣ್ಣದ ಅಡಿಗೆ ಬಳಿಯುವ ಬಿಳಿ ಲೇಪವಾದ ಗೆಸೊ ಇನ್ನೆರಡು ಕೋಟ್ ಹಚ್ಚಿ, ಒಣಗಿದ ಮೇಲೆ 220 ನಂಬರಿನ ಮರಳು ಕಾಗದದಿಂದ ಹಗುರಾಗಿ ಉಜ್ಜುತ್ತೇನೆ. ಹಾಗೆ ಮಾಡದಿದ್ದರೆ ಮೊದಲ ಪದರದ ಎಣ್ಣೆಯನ್ನೆಲ್ಲ ಬಟ್ಟೆ ಹೀರಿ, ಬಣ್ಣ ಅಲ್ಲಲ್ಲಿ ಮಂಕಾಗುತ್ತದೆ. ಆಮೇಲೆ ಮೊದಲ ಪದರವಾಗಿ, ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಬಣ್ಣ ಒಂದರಲ್ಲೇ ಇಡೀ ಚಿತ್ರ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕಣ್ಣು ಅರೆಮುಚ್ಚಿ ನೋಡಿ, ಎಲ್ಲಕ್ಕಿಂತ ಕಪ್ಪಾದ ಜಾಗ ಯಾವುದು, ಬೆಳಕಿನ ಜಾಗ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಬೆಳಕಿನ ಕಡೆ ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು, ಬಿಳಿ ಮುಟ್ಟಬೇಕಿಲ್ಲ. ಈ ಹಂತದಲ್ಲಿ ತಂಬಿಗೆ ದುಂಡಗೆ ಕಾಣದಿದ್ದರೆ ಮುಂದೆ ಯಾವ ಬಣ್ಣವೂ ಅದನ್ನು ದುಂಡಗೆ ಮಾಡಲಾರದು.

ತಾಮ್ರದಲ್ಲಿ ಎಲ್ಲರೂ ತಪ್ಪುವುದು ಹೊಳಪಿನ ಚುಕ್ಕೆಯಲ್ಲಿ. ನೇರ ಟೈಟೇನಿಯಂ ಬಿಳಿ ಇಟ್ಟರೆ ತಂಬಿಗೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ತಾಮ್ರ ತನ್ನ ಮೇಲೆ ಬಿದ್ದ ಬೆಳಕಿಗೂ ತನ್ನ ಬಣ್ಣವನ್ನೇ ಬಳಿದು ಹಿಂದಿರುಗಿಸುತ್ತದೆ. ಹಾಗಾಗಿ ಬಿಳಿಗೆ ಚೂರು ಕ್ಯಾಡ್ಮಿಯಂ ಆರೆಂಜ್ ಬೆರೆಯಬೇಕು. ಮಾವಿನ ಸಿಪ್ಪೆಯ ಗುಣ ಬೇರೆ. ಅದರ ಹೊಳಪು ಕಿಟಕಿಯ ಆಕಾಶದ್ದು, ಬಿಳಿಗೆ ಸೂಜಿಮೊನೆಯಷ್ಟು ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಸರಿಬರುತ್ತದೆ. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ, ಲೋಹ ಯಾವುದು ಹಣ್ಣು ಯಾವುದು ಎಂದು ಆ ಎರಡು ಚುಕ್ಕೆಗಳೇ ಹೇಳುತ್ತವೆ. ತಂಬಿಗೆಯ ಕತ್ತಲ ಭಾಗಕ್ಕೆ ಕೆಂಪು ಕಂದಿನ ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್. ಲೋಹದಲ್ಲಿ ಕತ್ತಲೆ ಬೆಳಕು ಪಕ್ಕಪಕ್ಕದಲ್ಲೇ, ಗಡುಸಾದ ಗೆರೆಯಾಗಿ ಕೂರುತ್ತವೆ. ಕುಂಚದಿಂದ ಸವರಿ ನಯ ಮಾಡಹೋದರೆ ಮಣ್ಣಿನ ಮಡಕೆಯಾಗುತ್ತದೆ. ಒಂದು ಕುಂಚ ಕತ್ತಲೆಗೆ, ಇನ್ನೊಂದು ಬೆಳಕಿಗೆ ಎಂದು ಬೇರೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಣ್ಣಕ್ಕೆ ಬೆರೆಸುವ ಎಣ್ಣೆಯ ಲೆಕ್ಕ ಹೀಗೆ: ಮೊದಲ ಪದರಕ್ಕೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ಮಾತ್ರ, ಎರಡನೆಯದಕ್ಕೆ ಮೂರು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ, ಕೊನೆಯದಕ್ಕೆ ಸಮಸಮ. ಎಣ್ಣೆ ಹೆಚ್ಚಿದ್ದ ಪದರ ಕೆಳಗಿದ್ದರೆ ಅದು ನಿಧಾನಕ್ಕೆ ಒಣಗಿ ಸರಿಯುವಾಗ, ಮೇಲೆ ಆಗಲೇ ಗಟ್ಟಿಯಾದ ಪದರ ಸೀಳುತ್ತದೆ. ನಮ್ಮ ಕಡೆ ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆ. ಅದನ್ನು ಬಣ್ಣಕ್ಕೆ ಖಂಡಿತ ಬೆರೆಸಬಾರದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ತೆಂಗಿನೆಣ್ಣೆ ಎಂದೂ ಹಾಗೆ ಒಣಗುವುದಿಲ್ಲ. ಕುಂಚದ ಬಣ್ಣ ಬಿಡಿಸಲು ಬಳಸಬಹುದು, ಆದರೆ ಆಮೇಲೆ ಸೋಪು ಹಾಕಿ ನೊರೆ ಬಿಳಿಯಾಗುವವರೆಗೆ ತೊಳೆಯಲೇಬೇಕು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುತ್ತದೆ. ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡುತ್ತೇನೆ.

ಜೂನ್ ಹಿಡಿದರೆ ಒಣಗುವುದು ತೀರಾ ನಿಧಾನ, ಬೂಸ್ಟಿನ ಕಾಟ ಬೇರೆ. ಚಿರೇಕಲ್ಲಿನ ಗೋಡೆ ತೇವ ಹಿಡಿದಿರುತ್ತದೆ. ಕ್ಯಾನ್ವಾಸನ್ನು ಗೋಡೆಗೆ ಒರಗಿಸದೆ, ಹಿಂದೆ ಎರಡು ಇಂಚು ಗಾಳಿಯಾಡುವಂತೆ ಬಿಡಬೇಕು. ಕಪಾಟಿನಲ್ಲಿ ಮುಚ್ಚಿಟ್ಟರೆ ಬೂಸ್ಟಿನ ಜೊತೆ ಎಣ್ಣೆಯೂ ಕತ್ತಲೆಗೆ ಹಳದಿಯಾಗುತ್ತದೆ; ಹಳದಿಯಾದದ್ದು ಬೆಳಕಿಗಿಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಮೇ ತಿಂಗಳಲ್ಲಿ ಮುಗಿದ ಚಿತ್ರಕ್ಕೆ ವಾರ್ನಿಷ್ ದೀಪಾವಳಿ ಕಳೆದು, ಗಾಳಿ ಒಣಗಿದ ಮೇಲೆ. ಹಚ್ಚುವ ಮೊದಲು ಬಣ್ಣ ದಪ್ಪಗಿರುವ ಕಡೆ, ಅಂದರೆ ಆ ಹೊಳಪಿನ ಚುಕ್ಕೆಯ ಅಂಚಿನಲ್ಲಿ, ಉಗುರಿನಿಂದ ಮೆಲ್ಲಗೆ ಒತ್ತಿ ನೋಡುತ್ತೇನೆ. ಗುರುತು ಬಿದ್ದರೆ ಇನ್ನೊಂದು ತಿಂಗಳು.